ಯಾವ ಭಾಷೆಯಲ್ಲಿ ಅಂದ?

“‘ಉಂಡು ಹೋಗವ್ವ’ ಅಂದ ನೋಡ್ರಿ, ಅಲ್ಲಿ ನನಗ ಅಳು ತಡಕೊಳ್ಳಾಕ ಆಗಲಿಲ್ಲ,” ಎಂದು ಪಕ್ಕದ ಕುರ್ಚಿಯ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ಅಚ್ಚರಿ. ಆಂಧ್ರದ ಗಡಿಯೂರು ರಾಯದುರ್ಗದ ಚಿತ್ರೋತ್ಸವದಲ್ಲಿ ಆ ದಿನ ನಾನು ನೋಡಿದ ಮೂರನೆಯ ಚಿತ್ರವದು. ದೂರದ ಯಾವುದೋ ದೇಶದ್ದು, ಕೊನೆಯವರೆಗೂ ಒಂದೂ ಮಾತಿಲ್ಲ. ಸಿಟ್ಟಾದ ಮಗಳು ಮನೆಯಿಂದ ಹೊರಡುವಾಗ ಅಪ್ಪ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ, ಅಷ್ಟೇ.

“ಅವನು ಮಾತೇ ಆಡಲಿಲ್ಲವಲ್ಲಮ್ಮಾ?” ಎಂದೆ.

ಮಡಕಶಿರಾದಿಂದ ಬಂದಿದ್ದ ಅವರ ನಾದಿನಿ ನನ್ನ ಮಾತಿಗೆ ಕಿವಿಗೊಡಲಿಲ್ಲ. “ಇಲ್ಲ ಅತ್ತಿಗೆ, ಅವನು ತೆಲುಗಲ್ಲಿ ಅಂದಿದ್ದು. ‘ತಿನಿ ಪೋಮ್ಮಾ’ ಅಂದ,” ಎಂದು ತಿದ್ದಿದರು. ಇಬ್ಬರೂ ವಾದಿಸುತ್ತಲೇ ಹೊರಗೆ ಹೋದರು.

ಮೂರೂ ಚಿತ್ರಗಳ ವಿಮರ್ಶೆ ಬರೆದೆ. ಈ ಚಿತ್ರದ ಬಗ್ಗೆ ಮಾತ್ರ ‘ಸಂಭಾಷಣೆ ಇಲ್ಲ’ ಎಂದು ಬರೆಯಲು ಕೈ ಬರಲಿಲ್ಲ.