ಬಲಗಿವಿಯ ಹಿಂದೆ

ಕಟಿಂಗ್ ಅಂಗಡಿ ಇಟ್ಟವನ ತಲೆಯೇ ಪೊದೆಯಾದರೆ ಜನ ಸುಮ್ಮನಿರುತ್ತಾರೆಯೇ? ಮಾವ ತೀರಿಕೊಂಡು ಮೂರು ತಿಂಗಳಾದರೂ ಅಳಿಯ ತನ್ನ ತಲೆಗೆ ಕತ್ತರಿ ಮುಟ್ಟಿಸಿರಲಿಲ್ಲ. ಕೂದಲು ಕಿವಿ ಮುಚ್ಚಿ ಕಾಲರಿನ ಮೇಲೆ ಬಿದ್ದಿತ್ತು. ಗಿರಾಕಿಗಳು ಮೊದಮೊದಲು ನಕ್ಕರು, ಆಮೇಲೆ ಮುಖ ಮುಖ ನೋಡಿಕೊಂಡರು.

"ಅಲ್ಲಪ್ಪಾ, ನಿನ್ನ ತಲೆ ನೋಡಿದ್ರೆ ನನ್ನ ತಲೆ ನಿನ್ನ ಕೈಗೆ ಕೊಡೋಕೆ ಭಯ ಆಗುತ್ತೆ," ಎಂದರು ರಿಟೈರ್ ಆದ ಮೇಷ್ಟ್ರು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ.

"ಪುರುಸೊತ್ತೇ ಆಗಿಲ್ಲ ಮೇಷ್ಟ್ರೇ."

ಹಸಿ ಸುಳ್ಳು. ಪುರುಸೊತ್ತು ಒಂದೇ ಅವನ ಹತ್ತಿರ ಬೇಕಾದಷ್ಟಿದ್ದದ್ದು. ಅಂಗಡಿಗೆ ರಜೆಯಿದ್ದ ಸೋಮವಾರಗಳಲ್ಲಿ ಅದರ ಮೇಲಿನ ಕೋಣೆಯಲ್ಲಿ ಕೂತು, ಒಂದು ಲೋಟ ತೊಳೆದಿಟ್ಟರೆ ಆ ದಿನದ ಮನೆಗೆಲಸ ಮುಗಿಯುತ್ತಿತ್ತು. ಸಂಜೆ ಬೀದಿಯಲ್ಲಿ ಯಾರಾದರೂ ದಾರಿ ಕೇಳಿದಾಗಲೇ ಅವನಿಗೆ ಗೊತ್ತಾಗುತ್ತಿದ್ದದ್ದು, ಬೆಳಗಿನಿಂದ ತಾನು ಬಾಯಿ ಬಿಟ್ಟಿಲ್ಲವೆಂದು.

ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಕಡೆಯದು ಮಾವನದು, ಒಳಗಿನದು ಅವನದು. ಊರಿನವರ ತಲೆಯನ್ನೆಲ್ಲ ತಿದ್ದುವವನಿಗೆ ತನ್ನ ತಲೆ ತಿದ್ದಿಕೊಳ್ಳಲು ಬರುವುದಿಲ್ಲ. ಹಿಂಭಾಗಕ್ಕೆ ಕಣ್ಣೂ ಹೋಗುವುದಿಲ್ಲ, ಕೈಯೂ ತಿರುಗುವುದಿಲ್ಲ. ಹಾಗಾಗಿ ತಿಂಗಳ ಕೊನೆಯ ಸೋಮವಾರ ಶಟರ್ ಅರ್ಧ ಎಳೆದು, ಮೊದಲು ಮಾವ ಕೂರುವುದು, ಅಳಿಯ ಕತ್ತರಿಸುವುದು. ಆಮೇಲೆ ಅಳಿಯ ಕೂರುವುದು, ಮಾವ ಕತ್ತರಿಸುವುದು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ಮನೆಯಲ್ಲಿ ಮಾವನ ಬಾಯಲ್ಲಿ ಮರ್ಯಾದೆಯೋ ಮರ್ಯಾದೆ. "ಅಳಿಯಂದಿರೇ, ಊಟಕ್ಕೆ ಏಳಿ." "ಅಳಿಯಂದಿರಿಗೆ ನಿದ್ದೆ ಬಂತಾ?" ಅಳಿಯ ಕುರ್ಚಿಯಲ್ಲಿ ಕೂತನೋ, ಎಲ್ಲ ಗಾಳಿಗೆ. "ಲೋ, ತಲೆ ಬಗ್ಗಿಸೋ. ಮದುವೆಗಂಡಿನ ಥರ ನೆಟ್ಟಗೆ ಕೂತ್ರೆ ನಾನೇನು ಏಣಿ ಹಾಕ್ಲಾ?" ಅವನ ಹೆಂಡತಿ ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ಕೇಳಿ ನಗುತ್ತಿದ್ದಳು.

ಒಂಬತ್ತು ವರ್ಷದ ಹಿಂದೆ ಅವಳು ಹೋದಳು. ಒಂದೇ ವಾರದ ಜ್ವರ. ಮಕ್ಕಳಿರಲಿಲ್ಲ. "ಮಗಳೇ ಇಲ್ಲದ ಮೇಲೆ ಅಳಿಯ ಎಲ್ಲಿಂದ ಬಂದ?" ಎಂದು ನೆಂಟರಲ್ಲಿ ಒಬ್ಬಿಬ್ಬರು ಅವನಿಗೆ ಕೇಳುವ ಹಾಗೆಯೇ ಅಂದರು. ಅಂಗಡಿ ಮತ್ತೆ ತೆರೆದ ದಿನ ಬೆಳಿಗ್ಗೆ ಮಾವ ಎರಡೂ ಕುರ್ಚಿ ಒರೆಸಿದರು, ಎರಡೂ ಕತ್ತರಿಗೆ ಎಣ್ಣೆ ಬಿಟ್ಟರು. ಆ ಮಾತು ಅಲ್ಲಿಗೆ ಮುಗಿಯಿತು.

ಆಮೇಲಾದ ಬದಲಾವಣೆ ಎಂದರೆ ಒಂದೇ. ಮಾವ ಅವನ ಬಲಗಿವಿಯ ಹಿಂದೆ ವಿಪರೀತ ಹೊತ್ತು ನಿಲ್ಲತೊಡಗಿದರು. ಬಾಚುವುದು, ತುದಿ ಕತ್ತರಿಸುವುದು, ಮತ್ತೆ ಬಾಚುವುದು. "ಅಲ್ಲೇನು ಚಿನ್ನ ಹುಡುಕ್ತಿದ್ದೀರಾ ಮಾವ?" ಎಂದರೆ, "ಬಾಯಿ ಮುಚ್ಕೊಂಡು ಕೂರು," ಎನ್ನುತ್ತಿದ್ದರು. ಗಿರಾಕಿಗಳಿಗೆ ಕೊನೆಯಲ್ಲಿ ಹಿಂದಿನಿಂದ ಕೈಗನ್ನಡಿ ಹಿಡಿದು ತೋರಿಸುವುದಿದೆಯಲ್ಲ, ಅವನಿಗೆ ಅದನ್ನೂ ನಿಲ್ಲಿಸಿಬಿಟ್ಟರು. "ಕನ್ನಡಿ ಹಿಡಿಯೋಕೆ ನೀನೇನು ಗಿರಾಕಿನಾ? ಏಳು, ಏಳು." ಮುದುಕರಿಗೆ ಬೇಸರ ಬಂದಿದೆ ಎಂದುಕೊಂಡ ಅಳಿಯ.

ಮಾವ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದಾಗ ಗುಮಾಸ್ತೆ ಕಾಗದ ಮುಂದೆ ಮಾಡಿ, "ಸ್ವಂತದವರು ಯಾರೂ ಇಲ್ವಾ?" ಎಂದು ಕೇಳಿದ್ದ. ಪಾಪ, ಅವನ ಕೆಲಸ ಅವನು ಮಾಡಿದ. ಆದರೆ ಆ ಪ್ರಶ್ನೆ ಅಳಿಯನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಈಗ ಅವನ ತಲೆಯಲ್ಲಿ ಮಾವನ ಕತ್ತರಿ ಮುಟ್ಟಿದ್ದೆಂದು ಉಳಿದದ್ದು ಕೂದಲ ತುದಿಗಳಷ್ಟೇ. ಇನ್ನೊಬ್ಬರ ಕೈಗೆ ತಲೆ ಕೊಟ್ಟರೆ ಅದೂ ಹೋಗುತ್ತದೆ. ಹುಚ್ಚುತನ ಎಂದು ಅವನಿಗೂ ಗೊತ್ತಿತ್ತು. ದಿನಾ ಬುಟ್ಟಿಗಟ್ಟಲೆ ಕೂದಲು ಗುಡಿಸಿ ಎಸೆಯುವವನು ಒಂದು ಹಿಡಿ ಕೂದಲಿಗೆ ಹೀಗೆ ಅಂಟಿಕೊಂಡರೆ ಏನನ್ನಬೇಕು?

ಮೇಷ್ಟ್ರು ಬಿಡಲಿಲ್ಲ. "ನಿಮ್ಮಾವ ಇದ್ದಿದ್ರೆ ಈ ತಲೆ ಹೊತ್ಕೊಂಡು ಅಂಗಡಿ ಮೆಟ್ಟಿಲು ಹತ್ತೋಕೆ ಬಿಡ್ತಿದ್ರೇನೋ?"

ಆ ಮಾತು ನಾಟಿತು. ಮುಂದಿನ ಸೋಮವಾರ ಅವನು ಬಸ್ಸು ಹತ್ತಿ ಊರಿನ ಇನ್ನೊಂದು ತುದಿಗೆ ಹೋದ. ತನ್ನ ಪರಿಚಯದವರು ಯಾರೂ ಸುಳಿಯದ ಬೀದಿ. ಸೋಮವಾರವೂ ತೆರೆದಿದ್ದ ಅಂಗಡಿಯೊಂದರಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಒಬ್ಬಳೇ ಕತ್ತರಿ ಒರೆಸುತ್ತಿದ್ದಳು. ಕಸುಬಿನ ಮಾತೆತ್ತಬಾರದೆಂದು ನಿಶ್ಚಯಿಸಿಕೊಂಡು ಕೂತ. ಬಟ್ಟೆ ಹೊದಿಸುವ ಮೊದಲೇ ತಾನಾಗಿ ಕಾಲರ್ ಒಳಗೆ ಮಡಚಿದ, ಗಲ್ಲ ಎದೆಗೆ ತಾಗಿಸಿದ.

"ನೀವೂ ಇದೇ ಕೆಲಸದವರಾ?" ಎಂದಳು ಅವಳು.

ಸಿಕ್ಕಿಬಿದ್ದ. "ಹೂಂ," ಎಂದ.

ಅವಳು ಕೂದಲಿಗೆ ನೀರು ಚಿಮುಕಿಸಿ ಬಾಚತೊಡಗಿದಳು. ಬಲಗಿವಿಯ ಹಿಂದೆ ಬಾಚಣಿಗೆ ನಿಂತಿತು. ಕೂದಲೆತ್ತಿ ನೋಡಿದಳು, ಬಿಟ್ಟಳು, ಮತ್ತೆ ಎತ್ತಿದಳು.

"ಇಷ್ಟು ದಿನ ಯಾರು ಕತ್ತರಿಸ್ತಿದ್ರು ನಿಮಗೆ?"

"ಯಾಕೆ? ಕೆಟ್ಟಿದೆಯಾ?"

"ಕೆಡೋದೇನು! ಬೆಳೆದುಹೋಗಿದ್ರೂ ಗೊತ್ತಾಗುತ್ತೆ. ಇಲ್ಲಿ ಹೆಬ್ಬೆಟ್ಟಿನಷ್ಟು ಜಾಗ ಬೋಳಾಗಿದೆಯಲ್ಲ, ಮೇಲಿನ ಕೂದಲನ್ನ ಉದ್ದ ಬಿಟ್ಟು, ಸುತ್ತ ಉದ್ದ-ಗಿಡ್ಡದ ಮೆಟ್ಟಿಲು ಕಾಣದ ಹಾಗೆ ಅದರ ಮೇಲೆ ಮಲಗಿಸಿದ್ದಾರೆ. ನನಗಂತೂ ಇಷ್ಟು ಚೆನ್ನಾಗಿ ಬರಲ್ಲಪ್ಪ."

"ಬೋಳಾ? ನನಗಾ?"

"ಅಯ್ಯೋ, ನಿಮಗೆ ಗೊತ್ತಿಲ್ವಾ? ಹಳೇದು ಇದು. ಕೆಲವರಿಗೆ ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದಾಗ ಹೀಗಾಗುತ್ತೆ ಅಂತಾರೆ."

ಅವನು ಬಟ್ಟೆಯಡಿಯಿಂದ ಕೈ ತೆಗೆದು ಮುಟ್ಟಿ ನೋಡಿದ. ಕೂದಲಡಿ ಬೆರಳಿಗೆ ನುಣ್ಣನೆಯ ಚರ್ಮ ಸಿಕ್ಕಿತು. ಒಂಬತ್ತು ವರ್ಷ. ಸತ್ತವಳು ಅವರದೇ ಮಗಳು. ಆ ದುಃಖ ಹೊತ್ತುಕೊಂಡೇ ಮುದುಕರು ತಿಂಗಳು ತಿಂಗಳು ಇಲ್ಲಿ ನಿಂತು, ಅಳಿಯನ ದುಃಖದ ಗುರುತು ಅವನ ಕಣ್ಣಿಗೇ ಬೀಳದಂತೆ ಮುಚ್ಚಿದ್ದರು. ಎಲ್ಲದಕ್ಕೂ ಗೇಲಿ ಮಾಡುವ ಬಾಯಿ ಇದೊಂದಕ್ಕೆ ತುಟಿಪಿಟಿಕ್ಕೆಂದಿರಲಿಲ್ಲ.

"ಯಾರು ಅಂತ ಹೇಳಲೇ ಇಲ್ಲ," ಎಂದಳು ಅವಳು.

"ಸ್ವಂತದವರು," ಎಂದ. ಕಣ್ಣು ಒರೆಸಿಕೊಂಡ, ಕೂದಲು ಬಿದ್ದಿತೆಂದು ಹೇಳೋಣವೆಂದರೆ ಅವಳಿನ್ನೂ ಕತ್ತರಿಯನ್ನೇ ಎತ್ತಿರಲಿಲ್ಲ.

"ನಾನೂ ಹಾಗೇ ಮುಚ್ಚಿ ಕತ್ತರಿಸ್ಲಾ?"

"ಬಂದಷ್ಟು ಮಾಡಿ ಅಮ್ಮಾ."

ಅವಳು ನಿಧಾನವಾಗಿ, ಆ ಹಳೆಯ ಕೆಲಸದ ಜಾಡು ಹಿಡಿದು ಕತ್ತರಿಸಿದಳು. ತುದಿಗಳು ಬಟ್ಟೆಯ ಮೇಲೆ ಉದುರಿ ನೆಲಕ್ಕೆ ಜಾರಿದವು. ಮುಗಿದ ಮೇಲೆ ಅವಳು ಗೋಡೆಯಿಂದ ಕೈಗನ್ನಡಿ ತೆಗೆದು ಹಿಂದೆ ಹಿಡಿಯಲು ಬಂದಳು. ಅವನು ತಟ್ಟನೆ ತಲೆ ಬಗ್ಗಿಸಿದ.

"ಬೇಡ. ನಮ್ಮ ಮನೇಲಿ ಕನ್ನಡಿ ಹಿಡಿಯಲ್ಲ."