ಎದುರಿಗೆ ಕೂಡಿಸಿ ಪೇಟಿ ಬಿಚ್ಚುತ್ತಿದ್ದ ದಸ್ತಗೀರ ಕಾಕಾ

ದಸ್ತಗೀರ ಕಾಕಾ ಯಾರ ಪೇಟಿಯನ್ನೂ ಅವರ ಬೆನ್ನ ಹಿಂದೆ ಬಿಚ್ಚಿದವರಲ್ಲ. ಹಾರ್ಮೋನಿಯಂ ಹೊತ್ತು ತಂದವರು ಇಲ್ಲೇ ಇಟ್ಟು ಹೋಗಿ ಸಂಜೆ ಬರುತ್ತೇವೆ ಅಂದರೆ ಅದನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಗೋವಾದ ಮಡಗಾಂವ್ ಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಹಳೇ ಮನೆಯ ಮೆಟ್ಟಿಲ ಕೆಳಗೆ ಅವರ ಅಂಗಡಿ ಇತ್ತು. ಅಂಗಡಿ ಅನ್ನುವುದು ದೊಡ್ಡ ಮಾತು. ಅವರು ಚಕ್ಕಳಮಕ್ಕಳ ಹಾಕಿ ಕೂತರೆ ಉಳಿದ ಜಾಗದಲ್ಲಿ ಒಂದು ಸ್ಟೂಲು ಹಿಡಿಸುತ್ತಿತ್ತು, ಅಷ್ಟೇ. ಆ ಸ್ಟೂಲು ಗಿರಾಕಿಗೆ ಮೀಸಲು.

"ಕುಂದರ್ರಿ. ನಿಮ್ಮ ಮುಂದ ಬಿಚ್ಚತೇನಿ" ಅನ್ನುವರು. ಚರ್ಚಿನಲ್ಲಿ ಹಾಡಿಸುವ ಮಾಸ್ತರರಿಗೂ ಅದೇ ಮಾತು, ಭಜನಾ ಮಂಡಳಿಯ ಅಧ್ಯಕ್ಷರಿಗೂ ಅದೇ. ಮುಚ್ಚಳ ತೆಗೆದು, ಒಳಗಿನ ಹಲಗೆ ಹೊರಗೆ ತೆಗೆದು, ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಬಿಡಿಸಿ ಸ್ಟೀಲಿನ ತಾಟಿಗೆ ಹಾಕುವರು. ಆಮೇಲೆ ಆ ತಾಟನ್ನು ಗಿರಾಕಿಯ ಮುಂದೆ ಸರಿಸಿ "ಎಣಸ್ರಿ" ಅನ್ನುವರು. ರಿಪೇರಿ ಮುಗಿದು ರೀಡು ವಾಪಸ್ಸು ಕೂಡಿಸುವಾಗ ಇನ್ನೊಂದು ಸಲ ಎಣಿಸಬೇಕು. ಅವಸರದವರು ಗೊಣಗುತ್ತಿದ್ದರು. ಕಾಕಾ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಈ ಕಸುಬಿನಲ್ಲಿ ನಡೆಯುವ ದೊಡ್ಡ ಕಳ್ಳತನವೇ ರೀಡಿನದು. ಹಳೇ ಜರ್ಮನ್ ರೀಡು ತೆಗೆದಿಟ್ಟುಕೊಂಡು ಸಾದಾ ರೀಡು ಕೂಡಿಸಿ ಕಳಿಸಿದರೆ, ಮಾಲೀಕನಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. "ಪೇಟಿ ಅಂದ್ರ ಮುಚ್ಚಿದ ಬಾಯಿ ಇದ್ದಂಗ, ಈರಣ್ಣಾ. ಒಳಗ ಹಲ್ಲು ಅದಾವೋ ಇಲ್ಲೋ, ತೆರದಾಗ ಗೊತ್ತಾಗೂದು" ಅಂತ ನನಗೆ ಎಷ್ಟು ಸಲ ಹೇಳಿದರೋ.

ನಾನು ಕುಂಕಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವನು. ಊರು ಬಾದಾಮಿಯ ಹತ್ತಿರ. ಶನಿವಾರ ನಮ್ಮ ಕಡೆಯ ನಾಲ್ಕು ಮಂದಿ ಕೂಡಿ ಭಜನೆ ಮಾಡುತ್ತೇವೆ, ಪೇಟಿ ನನ್ನ ಪಾಲಿಗೆ. ಅದರ ಗಾಳಿ ತಿದಿ ಹರಿದಾಗ ಯಾರೋ ಈ ಮೆಟ್ಟಿಲ ಕೆಳಗಿನ ವಿಳಾಸ ಕೊಟ್ಟರು. ನನ್ನ ಮಾತು ಕೇಳಿದ ಕೂಡಲೇ ಕನ್ನಡಕದ ಮೇಲಿಂದ ನೋಡಿ "ಯಾವೂರಪಾ?" ಅಂದರು. ಅವರದು ಹುನಗುಂದ. ಗೋವಾಕ್ಕೆ ಬಂದು ಮೊದಲು ಕಟ್ಟಡದ ಕೆಲಸಕ್ಕೆ ಇಟ್ಟಂಗಿ ಹೊತ್ತಿದ್ದರಂತೆ, ಆಮೇಲೆ ಕಲಿತ ಕಸುಬಿಗೆ ಮರಳಿದ್ದರು. ತೆಳ್ಳನೆಯ ಆಳು, ಕನ್ನಡಕದ ಒಂದು ಕಾಲಿಗೆ ದಾರ. ರೀಡನ್ನು ತುಟಿಗಿಟ್ಟು ಉಸಿರು ಎಳೆದು ಸ್ವರ ನೋಡುವುದು ಅವರ ರೂಢಿ. ಹಿತ್ತಾಳೆಯ ರುಚಿ ಹೋಗಲೆಂದು ಚಹಾಕ್ಕೆ ಮುಂಚೆ ಬಾಯಿ ಮುಕ್ಕಳಿಸುತ್ತಿದ್ದರು. "ಈ ಬಾಯಾಗ ಎಷ್ಟು ಮಂದಿ ಪೇಟಿ ಹಾಡ್ಯಾವ. ನನಗ ಮಾತ್ರ ಒಂದ ಹಾಡೂ ಬರಂಗಿಲ್ಲ" ಅಂತ ನಗುತ್ತಿದ್ದರು.

ನನಗೊಂದು ರೋಗವಿತ್ತು, ಅದನ್ನೂ ಹೇಳಿಬಿಡಬೇಕು. ಫೋನಿನಲ್ಲಿ ನಡೆಯುವ ಹಳೇ ಸಾಮಾನಿನ ಲಿಲಾವು, ಅಂದರೆ ಹರಾಜು. ಊಟ ಮಾಡುವಾಗಲೂ ಬಿಟ್ಟವನಲ್ಲ. ಹಾಗೆ ಕೂಗಿ ತಂದ ಶಾಯಿ ಪೆನ್ನಿಗೆ ಮುಳ್ಳೇ ಇರಲಿಲ್ಲ. ಹಳೇ ಕ್ಯಾಮೆರಾದ ಗಾಜಿನೊಳಗೆ ಬೂಷ್ಟು. ಪುರಾತನ ಕಾಲದ ದೀಪ ಅಂತ ಬಂದದ್ದನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ನಿನ್ನೆ ಎರಕ ಹೊಯ್ದದ್ದು. ಒಂದೊಂದನ್ನೂ ಕಾಕಾನ ಮುಂದೆ ತಂದಿಡುತ್ತಿದ್ದೆ. "ಗುಜರಿಯವ ನಮ್ಮ ಓಣಿಗೇ ಬರತಾನಲ್ಲೋ, ನೀ ಯಾಕ ಅಷ್ಟು ದೂರದಿಂದ ತರಸ್ತಿ?" ಅನ್ನುವರು. ಒಮ್ಮೆ ಆ ಲಿಲಾವಿನ ಕರಾರು ಓದಿ ಹೇಳಿದೆ. ವಸ್ತು ಇದ್ದದ್ದು ಇದ್ದ ಹಾಗೆ ಮಾರಾಟ, ಪರೀಕ್ಷೆ ಮಾಡಿಲ್ಲ, ವಾಪಸ್ಸು ಇಲ್ಲ.

ಕಾಕಾ ರೀಡು ತಿಕ್ಕುತ್ತಿದ್ದ ಅರ ಕೆಳಗಿಟ್ಟರು. "ಅಂದ್ರ ಏನು? ಮಾರಾವಗ ಗೊತ್ತಿಲ್ಲಂತೋ, ಗೊತ್ತಿದ್ದೂ ಹೇಳಂಗಿಲ್ಲಂತೋ?"

"ಎರಡೂ ಇರಬಹುದ್ರಿ ಕಾಕಾ."

"ಮತ್ತ ನೀ ಯಾವ ಧೈರ್ಯದ ಮ್ಯಾಲ ತಗೋತಿ?"

ನಾನು ಫೋನು ಕಿಸೆಗೆ ಹಾಕಿಕೊಂಡೆ. ಅವರು ಅರ ಎತ್ತಿಕೊಂಡು ಕೆಲಸ ಮುಂದುವರಿಸಿದರು.

ಅವರ ತಂದೆಯ ವಿಷಯ ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು. ತಂದೆ ಒಂದು ನಾಟಕ ಕಂಪನಿಯಲ್ಲಿ ಪೇಟಿ ಹದ ಮಾಡುವವರಾಗಿದ್ದರು. ಕಾಲಿನಿಂದ ತಿದಿ ಒತ್ತಿ ಎರಡೂ ಕೈಯಿಂದ ನುಡಿಸುವ ದೊಡ್ಡ ಕಾಲುಪೇಟಿ ಅದು. ಪ್ರತಿ ಊರಿನಲ್ಲಿ ಪೇಟಿ ಬಿಚ್ಚಿ ಹದ ಮಾಡಿದಾಗ, ರೀಡು ಕೂಡಿಸುವ ಹಲಗೆಯ ಮೇಲೆ ಪೆನ್ಸಿಲ್ಲಿನಿಂದ ಊರಿನ ಹೆಸರು ಬರೆದು, ಆ ದಿನದ ಒಂದು ಮಾತು ಸೇರಿಸುವರಂತೆ. ಮಳಿ ಬಂತು, ನಾಟಕ ನಿಂತಿತು. ರಾಜಾಪಾರ್ಟಿನವರು ಊರಿಗೆ ಹೋದರು. ಹೀಗೆ. ಒಂದು ಕಡೆ "ದಸ್ತಗೀರಗ ಜ್ವರ" ಅಂತಲೂ ಇತ್ತು. ಅದನ್ನು ತಂದೆಯೇ ಹಲಗೆ ಎತ್ತಿ ಹಿಡಿದು ತೋರಿಸಿದ್ದರಂತೆ. ಕಾಕಾಗೆ ಒಂಬತ್ತು ವರ್ಷವಿದ್ದಾಗ ತಂದೆ ತೀರಿಕೊಂಡರು. ಕಂಪನಿ ಮುರಿದು, ಪರದೆಗಳ ಜೊತೆ ಪೇಟಿಯೂ ಮಾರಿಹೋಯಿತು. ಮನೆಯಲ್ಲಿ ತಂದೆಯ ಒಂದು ಫೋಟೋ ಕೂಡ ಇರಲಿಲ್ಲ.

"ಅಪ್ಪನ ಮಾರಿ ನೆನಪಿಲ್ಲ ನನಗ. ಅಕ್ಷರ ನೆನಪೈತಿ. ದ ಅನ್ನೂದು ಭಾಳ ಅಗಲ ಬರೀತಿದ್ದ" ಅಂದರು. ಎಲ್ಲಾದರೂ ಕಾಲುಪೇಟಿ ಇದೆ ಅಂತ ಸುದ್ದಿ ಬಂದರೆ ಬಸ್ಸು ಹತ್ತಿ ಹೋಗಿಬಿಡುತ್ತಿದ್ದರು. ಬೆಳಗಾವಿ, ಮಿರಜ, ಕೊಲ್ಲಾಪುರ. ಪುಕ್ಕಟೆ ಹದ ಮಾಡಿಕೊಡುತ್ತೇನೆ ಅಂತ ಹೇಳಿ ಬಿಚ್ಚುವುದು, ಹಲಗೆ ನೋಡುವುದು, ಮುಚ್ಚಿ ಬರುವುದು.

ಒಂದು ರವಿವಾರ ಮಧ್ಯಾಹ್ನ ಅದೇ ಫೋನಿನಲ್ಲಿ ಒಂದು ಕಾಲುಪೇಟಿ ಬಂತು. ನಾನು ತೋರಿಸಬಾರದಿತ್ತು. ತೋರಿಸಿದೆ. ಮುಚ್ಚಳದ ಮೂಲೆಯಲ್ಲಿ ಅರ್ಧಚಂದ್ರದ ಹಾಗೆ ಒಂದು ಸುಟ್ಟ ಕಲೆ, ಅಲ್ಲಿ ಬಿರುಕು ಬಿಡದ ಹಾಗೆ ಹೊಡೆದ ಮೂರು ಹಿತ್ತಾಳೆ ಮೊಳೆ. ಕಾಕಾ ಆ ಕಲೆಯನ್ನು ಮುಟ್ಟಿದರು, ಫೋಟೋ ಸರಿದು ಮಾಯವಾಯಿತು. ಏನೋ ಮುರಿದುಬಿಟ್ಟೆ ಅಂತ ಗಾಬರಿಯಾಗಿ ಕೈ ಹಿಂದೆಳೆದುಕೊಂಡರು. ನಾನು ಮತ್ತೆ ತಂದುಕೊಟ್ಟೆ.

"ಗ್ಯಾಸ್‌ಬತ್ತಿ ಬಿದ್ದಿತ್ತು. ಮೊಳಿ ಅಪ್ಪ ಬಡದಿದ್ದ. ನಾ ಚಿಮಣಿ ಹಿಡದಿದ್ದೆ" ಅಂದರು.

ಒಳಗಿನ ಫೋಟೋ ಒಂದೂ ಇರಲಿಲ್ಲ. ಕೆಳಗೆ ಅದೇ ಕರಾರು, ಇದ್ದದ್ದು ಇದ್ದ ಹಾಗೆ. "ಬಿಚ್ಚಿ ತೋರಸಲಾರದ್ದು ಬ್ಯಾಡ ಅಂತ ನೀವ ಹೇಳತೀರಿ" ಅಂತ ನೆನಪಿಸಿದೆ. "ಕೇಳು ಅವಗ. ಹಲಗಿದು ಒಂದ ಫೋಟೋ ಕಳಸಂತ ಕೇಳು" ಅಂದರು. ಮಾರುವವನಿಗೆ ಬರೆಯಬೇಕಾದ ಮಾತನ್ನು ತಾವೇ ಹೇಳಿದರು. ಸಲಾಂ, ಇದು ನಮ್ಮಪ್ಪ ಹದ ಮಾಡುತ್ತಿದ್ದ ಪೇಟಿ, ಐವತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಒಳಗೆ ಅವರ ಅಕ್ಷರವಿದೆ, ದಯಮಾಡಿ ತೆರೆದು ತೋರಿಸಿ, ನಿಮ್ಮ ಮಕ್ಕಳು ಸುಖವಾಗಿರಲಿ. ನಾನು ಅಕ್ಷರ ಬಿಡದೆ ಹಿಂದಿಯಲ್ಲಿ ಬರೆದು ಕಳಿಸಿದೆ.

ಇದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಕಾಕಾಗೆ ಆ ಲೋಕ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅಲ್ಲಿ ಆಸೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬೇಕಾದದ್ದನ್ನು ಬೇಡವಾದವರ ಹಾಗೆ ಕೇಳಬೇಕು. ಅವರ ಮುಖ ನೋಡುತ್ತ ನಾನು ಅದನ್ನೆಲ್ಲ ಮರೆತೆ. ಉತ್ತರ ಸಂಜೆಯೊಳಗೆ ಬಂತು. ಬಿಚ್ಚುವುದಿಲ್ಲ, ಇದ್ದದ್ದು ಇದ್ದ ಹಾಗೆ. ಅಲ್ಲಿಯವರೆಗೆ ಆ ಪೇಟಿಯನ್ನು ಯಾರೂ ಕೇಳಿರಲಿಲ್ಲ. ನಾವು ಕೂಗಿದೆವು, ಮರುದಿನ ಇನ್ನೊಬ್ಬ ಕೂಗುವವನು ಹುಟ್ಟಿಕೊಂಡ. ನಾವು ಒಂದು ಹೆಜ್ಜೆ ಇಟ್ಟರೆ ಅವನು ಒಂದು ಇಡುವನು. ಅವನು ಯಾರೋ ನನಗೆ ಗೊತ್ತಿಲ್ಲ, ಪುರಾವೆ ಇಲ್ಲದೆ ಹೇಳಬಾರದು. ಆದರೆ ಮಾರುವವನೇ ನಿಲ್ಲಿಸಿದ ಆಳು ಅಂತ ಅವತ್ತೇ ಸಂಶಯ ಬಂದಿತ್ತು.

"ಬಿಟ್ಟಬಿಡೂಣ್ರಿ ಕಾಕಾ" ಅಂದೆ.

"ಅಪ್ಪಂದು ಲಿಲಾವ ನಡದೈತಿ, ಎದ್ದು ಹೋಗಂತೀ ಏನು?" ಅಂದರು. ನಾನು ಮತ್ತೆ ಕೂಗಿದೆ.

ಅವರ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇತ್ತು. ಇನ್ನು ರಿಪೇರಿಯಾಗದ ಪೇಟಿಗಳಿಂದ, ಮಾಲೀಕರು ತಾವಾಗಿ ಕೊಟ್ಟ ಹಳೇ ಜರ್ಮನ್ ರೀಡುಗಳು ಅದರಲ್ಲಿದ್ದವು. ಒಂದೊಂದೂ ಯಾರು ಕೊಟ್ಟದ್ದು ಅಂತ ನೆನಪಿಟ್ಟಿದ್ದರು. ಆ ಡಬ್ಬಿಯನ್ನು ಬೆಳಗಾವಿಯ ಒಬ್ಬ ಪೇಟಿ ಮಾಡುವವರಿಗೆ ಮಾರಿದರು, ಆ ರೊಕ್ಕದಿಂದ ಲಿಲಾವು ನಮ್ಮ ಹೆಸರಿಗೆ ನಿಂತಿತು.

ಪೇಟಿ ಟೆಂಪೋದಲ್ಲಿ ಬಂದ ದಿನ ಮೆಟ್ಟಿಲ ಕೆಳಗೆ ಹಿಡಿಸಲಿಲ್ಲ. ಮನೆಯ ಯಜಮಾನಿತಿ ಅಂಗಳದಲ್ಲಿ ಇಡಿ ಅಂದರು. ಕಾಕಾ ಬಿಳೀ ಅಂಗಿ ಹಾಕಿಕೊಂಡಿದ್ದರು. ಸ್ಟೂಲು ತಂದು ಪೇಟಿಯ ಮುಂದೆ ಇಟ್ಟು ತಾವೇ ಕೂತರು. ಗಿರಾಕಿಯ ಸ್ಟೂಲಿನ ಮೇಲೆ ಅವರನ್ನು ನಾನು ನೋಡಿದ್ದು ಅದೇ ಮೊದಲು. "ಇವತ್ತ ನಾ ಕುಂದರತೇನಿ. ನೀ ಬಿಚ್ಚು" ಅಂದರು.

ಮುಚ್ಚಳದ ಮೇಲೆ ಅಂಗೈ ಇಟ್ಟರು. ಸುಟ್ಟ ಕಲೆ, ಮೂರು ಮೊಳೆ, ಎಲ್ಲ ಖರೇ. ಅದೇ ಪೇಟಿ. ನಾನು ಒಳಗಿನ ಮೊದಲನೇ ಸ್ಕ್ರೂ ತಿರುಗಿಸಿದಾಗ ಅವರ ಕಣ್ಣು ಅದರ ಮೇಲೆ ನಿಂತಿತು. ಸ್ಕ್ರೂ ಹೊಸದಾಗಿತ್ತು. ನನಗೆ ತಿಳಿಯುವ ಮೊದಲೇ ಅವರಿಗೆ ತಿಳಿದಿತ್ತು. ಒಳಗೆ ಪ್ಲೈವುಡ್ಡಿನ ಹಲಗೆ, ಅದರ ಮೇಲೆ ಕಾರ್ಖಾನೆಯ ನೀಲಿ ಮುದ್ರೆ, ಹಗುರವಾದ ಸಾದಾ ರೀಡುಗಳು. ಹಳೇ ರೀಡಿನ ಆಸೆಗೆ ಯಾರೋ ಯಾವಾಗಲೋ ಹಲಗೆ ಸಮೇತ ಎಬ್ಬಿಸಿಕೊಂಡು ಹೋಗಿದ್ದರು. ಪೆನ್ಸಿಲ್ಲಿನ ಒಂದು ಗೀಟೂ ಇರಲಿಲ್ಲ.

ಕಾಕಾ ಹಲಗೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ "ತಾಟಿಗೆ ಹಾಕು" ಅಂದರು. ನಾನು ರೀಡು ಬಿಡಿಸಿ ಹಾಕಿದೆ. ಒಂದನ್ನೂ ಬಿಡದೆ ಬೆರಳಿನಿಂದ ಸರಿಸಿ ಎಣಿಸಿದರು.

"ಬರೋಬ್ಬರಿ ಅದಾವ" ಅಂದರು.

ಮಾರಿದವನ ಮೇಲೆ ಖಾರವಾಗಿ ಬರೆಯಲು ನಾನು ಫೋನು ತೆಗೆದೆ. ಕಾಕಾ ಬೇಡವೆಂದರು. "ಏನಂತ ಬರೀತಿ? ಬಿಚ್ಚಂಗಿಲ್ಲ ಅಂತ ಹೇಳೇ ಕೊಟ್ಟಾನ ಅಂವ. ಎದುರಿಗೆ ಕುಂತು ನೋಡಲಾರದ ತಗೊಂಡಾಂವ ನಾನು." ಆ ಪತ್ರ ನಾನು ಹಾಗೆ ಬರೆಯಬಾರದಿತ್ತು ಅಂತ ತಪ್ಪು ಒಪ್ಪಿಕೊಂಡೆ. "ಖರೇ ಹೇಳಿದ್ದು ತಪ್ಪಲ್ಲ ಬಿಡು. ಕೇಳಿದಾಂವ ಸರಿ ಇರಲಿಲ್ಲ, ಅಷ್ಟ" ಅಂದರು. ನನಗೇನೂ ಹಗುರವಾಗಲಿಲ್ಲ.

ಆಮೇಲೆ ಅವರು ದಣಿದುಹೋದರು. ಬೇರೆ ಊರಿನ ಪೇಟಿಯ ಸುದ್ದಿ ಬಂದರೆ ಏಳುತ್ತಿರಲಿಲ್ಲ. ಎದೆಯಲ್ಲಿ ಕಫ, ರೀಡಿಗೆ ಉಸಿರು ಎಳೆಯುವಾಗ ಕೆಮ್ಮು. ಆದರೂ ಆ ಮಳೆಗಾಲವೆಲ್ಲ ಅದೇ ಪೇಟಿಯ ಮುಂದೆ ಕೂತರು. ಪ್ಲೈವುಡ್ಡು ಕಿತ್ತೆಸೆದು, ಯಾರದೋ ಹಳೇ ಕಿಟಕಿಯ ಸಾಗವಾನಿಯಿಂದ ಹಲಗೆ ಮಾಡಿದರು. ಆ ಸಾದಾ ರೀಡುಗಳನ್ನೇ ಅರದಿಂದ ಒಂದೊಂದಾಗಿ ತಿಕ್ಕಿ ಸ್ವರಕ್ಕೆ ತಂದರು. ನಾನು ರವಿವಾರ ಹೋಗಿ ಸ್ಟೂಲಿನ ಮೇಲೆ ಕೂತು ಬರುತ್ತಿದ್ದೆ. ಆ ಲಿಲಾವಿನ ಹುಚ್ಚು ನನಗೆ ಅಷ್ಟರಲ್ಲಿ ತಾನಾಗಿ ಬಿಟ್ಟುಹೋಗಿತ್ತು.

ಮಳೆ ಮುಗಿದ ಮೇಲೆ ಹುನಗುಂದದ ಮಗಳು ಕರೆದೊಯ್ಯಲು ಬಂದಳು. ಹೊರಡುವ ಹಿಂದಿನ ದಿನ ಕಾಕಾ ನನ್ನನ್ನು ಕರೆಸಿದರು. ಸಾಮಾನೆಲ್ಲ ಕಟ್ಟಿಯಾಗಿತ್ತು, ಕಾಲುಪೇಟಿ ಮಾತ್ರ ಅಂಗಳದಲ್ಲಿತ್ತು. "ಇದು ನಿನಗ. ಕುಂದರು, ನಿನ್ನ ಮುಂದ ಬಿಚ್ಚತೇನಿ" ಅಂದರು. ನಾನು ಕೂತೆ. ಒಂದೊಂದನ್ನೂ ತೋರಿಸಿದರು. ಈ ಸ್ಕ್ರೂ ಹೊಸದು, ಈ ಕಡೆ ಮರಕ್ಕೆ ಹುಳ ಹತ್ತಿತ್ತು, ಈ ಪಂಚಮ ಹಟಮಾರಿ, ಥಂಡಿ ಬಿದ್ದರೆ ತಕರಾರು ಮಾಡುತ್ತದೆ. ಕೊನೆಗೆ ರೀಡಿನ ಹಲಗೆ ಎತ್ತಿ ಬೆಳಕಿಗೆ ಹಿಡಿದರು.

"ಓದು."

ಸಾಗವಾನಿಯ ಮೇಲೆ ಪೆನ್ಸಿಲ್ಲಿನ ಅಕ್ಷರ. ದ ಭಾಳ ಅಗಲ.

"ಮಡಗಾಂವ್. ಮುಚ್ಚಳ ನಮ್ಮಪ್ಪಂದು. ಒಳಗಿಂದೆಲ್ಲ ನಂದು. ಮಳಿ ನಿಂತೈತಿ. ಈರಣ್ಣ ಎಣಿಸಿಕೊಂಡಾನ. ದಸ್ತಗೀರ."

"ನಾ ಇನ್ನೂ ಎಣಿಸಿಲ್ರಿ ಕಾಕಾ" ಅಂದೆ.

"ಮತ್ತ ಎಣಸು. ಬರದದ್ದು ಸುಳ್ಳಾಗಬಾರದು" ಅಂತ ತಾಟು ನನ್ನ ಮುಂದೆ ಸರಿಸಿದರು. ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಎಣಿಸಿ ಮುಗಿಸಿದೆ. ಅವರು ಕಾದರು.

ನಾಲ್ಕು ತಿಂಗಳಿಗೆ, ಕಾಕಾ ತೀರಿಕೊಂಡರು ಅಂತ ಮಗಳು ಫೋನು ಮಾಡಿದಳು. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಕಾರ್ಖಾನೆಯಲ್ಲಿ ಸ್ಟಾಕು ತೆಗೆಯುವ ದಿನವಾಗಿತ್ತು. ಈಗ ಪೇಟಿ ನಮ್ಮ ಮನೆಯ ಹೊರಕೋಣೆಯಲ್ಲಿದೆ. ಅವರು ಹೇಳಿದ ಹಾಗೆಯೇ ಪಂಚಮ ತಕರಾರು ತೆಗೆದಿದೆ, ಒತ್ತಿದರೆ ಝುಂಯ್ ಅನ್ನುತ್ತದೆ. ಇನ್ನೊಂದು ಊರಿನಲ್ಲಿ ರಿಪೇರಿ ಮಾಡುವವರು ಇದ್ದಾರೆ ಅಂತ ಕೇಳಿ ಫೋನು ಮಾಡಿದ್ದೆ. ಒಳ್ಳೆಯವರೇ, ಮರ್ಯಾದೆಯಿಂದ ಮಾತಾಡಿದರು. ಪೇಟಿ ಇಟ್ಟು ಹೋಗಿ, ಸಂಜೆ ಬನ್ನಿ ಅಂದರು. ಆಯಿತು ಅಂತ ಹೇಳಿ ಫೋನು ಇಟ್ಟವನು ತೆಗೆದುಕೊಂಡು ಹೋಗಲೇ ಇಲ್ಲ.

ಶನಿವಾರದ ಭಜನೆಯಲ್ಲಿ ಆ ಪಂಚಮ ಬಿಟ್ಟು ಉಳಿದದ್ದನ್ನು ನುಡಿಸುತ್ತೇನೆ. ಮಂದಿ ರಿಪೇರಿ ಮಾಡಿಸು ಅನ್ನುತ್ತಾರೆ. ಕಾಕಾನ ಸ್ಟೂಲನ್ನೂ ನಾನೇ ತಂದಿಟ್ಟುಕೊಂಡಿದ್ದೇನೆ. ಎದುರಿಗೆ ಕೂಡಲು ನಾನು ತಯಾರಿದ್ದೇನೆ, ಬಿಚ್ಚುವವರು ಇಲ್ಲ.