ವನ್ಸ್ ಮೋರ್

ಅಂದು ಬೆಳಿಗ್ಗೆ ಹಾಲು ಕಾಸಿದೆ, ದೋಸೆಗೆ ಅಕ್ಕಿ ನೆನೆಹಾಕಿದೆ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದೆ, ಎದುರು ಮನೆಯ ನಟಿಗೆ ಜ್ಯೇಷ್ಠಮಧು ಹಾಕಿ ಕಷಾಯ ಕುದಿಸಿದೆ.

ಹುಬ್ಬಳ್ಳಿ ಕಡೆಯ ನಾಟಕ ಕಂಪನಿ ಮುಚ್ಚಿದ ಮೇಲೆ ಅವರು ವಡೋದರಾದ ತಂಗಿಯ ಮನೆಗೆ ಬಂದಿದ್ದರು. ಎಲ್ಲರೂ ಮರೆತಿದ್ದ ಒಂದು ಸಂಗೀತ ನಾಟಕವನ್ನು ಇಲ್ಲಿನ ಕನ್ನಡಿಗರು ಮತ್ತೆ ಆಡಲು ಹೊರಟಾಗ, ಅದರ ಹಾಡುಗಳು ಬರುತ್ತಿದ್ದುದು ಅವರೊಬ್ಬರಿಗೇ. ಗಂಟಲಿನ ಆಪರೇಷನ್ ಆಗಿತ್ತು. ಮಾತಾಡುವಾಗಲೂ ಎರಡು ಬೆರಳನ್ನು ಗಂಟಲ ಮೇಲೆ ಇಟ್ಟುಕೊಳ್ಳುತ್ತಿದ್ದರು.

"ಒಂದ ಸಲಕ್ಕ ಸಾಕಾಗುವಷ್ಟ ಧ್ವನಿ ಉಳದೈತ್ರಿ ಅಕ್ಕಾರ," ಎನ್ನುತ್ತಿದ್ದರು. ತಾಲೀಮಿನಲ್ಲಿ ಹಾರ್ಮೋನಿಯಂನವರಿಗೆ ಸ್ವರ ಒತ್ತಿ ತೋರಿಸಿ, ತುಟಿ ಮಾತ್ರ ಆಡಿಸುತ್ತಿದ್ದರು.

ಅಂದು ಸಂಜೆ ಪ್ರದರ್ಶನದಲ್ಲಿ ಕೊನೆಯ ಅಂಕದ ಹಾಡನ್ನು ಪೂರ್ತಿ ಹಾಡಿದರು. ನನ್ನ ಯಜಮಾನರು ಕಣ್ಣೊರೆಸಿಕೊಂಡು ಎದ್ದು, "ವನ್ಸ್ ಮೋರ್!" ಎಂದು ಕೂಗಿದರು. ಸಭೆಯೂ ಕೂಗಿತು.

"ಬೇಡ, ಕೂತ್ಕೊಳ್ಳಿ," ಎಂದು ನಾನು ತೋಳು ಜಗ್ಗಿದೆ.

"ಎಂತ ಬೇಡ ಮಾರಾಯ್ತಿ! ಅವ್ರಿಗೆ ಖುಷಿ ಆಗ್ತದೆ."

ಅವರು ಮತ್ತೆ ಶುರು ಮಾಡಿದರು. ಎರಡನೇ ಸಾಲಿಗೆ ಧ್ವನಿ ಹೋಯಿತು. ಬಾಯಿ ತೆರೆದೇ ಇತ್ತು. ಹಾರ್ಮೋನಿಯಂನವರು ಸ್ವಲ್ಪ ಕಾದು, ಉಳಿದದ್ದನ್ನು ತಾವೊಬ್ಬರೇ ನುಡಿಸಿ ಮುಗಿಸಿದರು.

"ಆಗೂದಿಲ್ಲ ಅಂತ ಹೇಳ್ಬಹುದಿತ್ತಲ್ಲ?" ಎಂದು ಪರದೆಯ ಹಿಂದೆ ಕೇಳಿದೆ.

"ವನ್ಸ್ ಮೋರ್ ಅಂದವ್ರಿಗೆ ಒಲ್ಲೆ ಅನ್ನೋದು ನಮಗ ಕಲಿಸಿಲ್ರಿ," ಎಂದು ಪಿಸುಗುಟ್ಟಿದರು. ಆಮೇಲೆ ಅವರಿಗೆ ಉಳಿದದ್ದು ಆ ಪಿಸುಮಾತೇ.

ಮನೆಗೆ ಕರೆತಂದು ತುಪ್ಪ ಹಾಕಿದ ಗಂಜಿ ಕೊಟ್ಟೆ. ಅವರು ನಾಲ್ಕು ಚಮಚ ಉಂಡರು, ನಾನು ಉಪ್ಪಿನಕಾಯಿ ಹಾಕಿಕೊಂಡು ಅಷ್ಟಿಷ್ಟು ಉಂಡೆ, ಯಜಮಾನರು ಬಟ್ಟಲು ಮುಟ್ಟಲಿಲ್ಲ. ಮೊದಲು ನಿದ್ದೆ ಹೋದವರು ನಟಿ, ನಮ್ಮ ಸೋಫಾದ ಮೇಲೆ. ಕೊನೆಗೆ ನಿದ್ದೆ ಹೋದವರು ಯಜಮಾನರು.